ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಂಟೆ ಮಾಡಿದರೆ: ಬಿಚ್ಚಿಸುವ ಮೊದಲು ನೋಡಬೇಕಾದ್ದೇನು?

ಕಾಸರಗೋಡಿನ ಒಳನಾಡಿನಲ್ಲಿ ರಸ್ತೆಯ ಮಟ್ಟಕ್ಕೇ ಇರುವ ಮನೆ ಕಡಿಮೆ. ಒಂದೋ ಗುಡ್ಡೆಯ ಮೇಲಿರುತ್ತದೆ, ಇಲ್ಲವೇ ಕೆಳಗೆ ತೋಟದ ಬದಿಯಲ್ಲಿ. ಮುರಕಲ್ಲು ಕಡಿದು ಮಾಡಿದ ಏರು ದಾರಿಯಲ್ಲಿ ಅರ್ಧ ಕ್ಲಚ್ ಹಿಡಿದು ಕಾರು ಹತ್ತಿಸುವ ಕಷ್ಟ ಬೇಡವೆಂದು, ವಯಸ್ಸಾದವರ ಮೊಣಕಾಲಿಗೆ ಆರಾಮವೆಂದು, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯಲ್ಲೂ ಈಗ ಕ್ಲಚ್ ಪೆಡಲ್ ಇಲ್ಲದ ಕಾರುಗಳು ಓಡಾಡುತ್ತಿವೆ. 2014ರಲ್ಲಿ ಮಾರುತಿ ಸೆಲೆರಿಯೊ ಕಡಿಮೆ ಬೆಲೆಯ ಆಟೋಮ್ಯಾಟಿಕ್ ತಂದ ಮೇಲೆ ಹರಡಿದ ಈ ಕಾರುಗಳಲ್ಲಿ ಹಲವು ವಾರಂಟಿ ಮುಗಿಸಿವೆ, ಎರಡನೆಯ ಮೂರನೆಯ ಕೈಗೆ ಬಂದಿವೆ. ‘ಡಿ ಹಾಕಿದರೂ ಮುಂದೆ ಹೋಗುತ್ತಿಲ್ಲ’, ‘ಏರಿನಲ್ಲಿ ಪುಲ್ಲಿಂಗ್ ಇಲ್ಲ’, ‘ಪೆಟ್ಟು ಕೊಟ್ಟ ಹಾಗೆ ಗೇರ್ ಬೀಳುತ್ತದೆ’ ಎಂಬ ದೂರುಗಳು ಶುರುವಾಗುವ ಕಾಲ ಇದು.

ಇದಕ್ಕೆ ಸಿಗುವ ಉತ್ತರ ಹೆಚ್ಚಾಗಿ ಒಂದೇ: ‘ಗೇರ್‌ಬಾಕ್ಸ್ ಹೋಗಿದೆ, ಇಳಿಸಬೇಕು.’ ಇಳಿಸಿ ಬಿಚ್ಚಿ ಕೂಡಿಸುವ ಕೆಲಸ ಕೆಲವು ಕಾರುಗಳಲ್ಲಿ ಲಕ್ಷ ರೂಪಾಯಿ ದಾಟುತ್ತದೆ. ಆದರೆ ಇದೇ ಲಕ್ಷಣಗಳನ್ನು ಸತ್ವ ಕಳೆದುಕೊಂಡ ಬ್ಯಾಟರಿಯೂ ತೋರಿಸುತ್ತದೆ, ಕಡಿಮೆಯಾದ ಆಯಿಲ್ ತೋರಿಸುತ್ತದೆ, ಇಲಿ ಕಡಿದ ಒಂದು ವಯರೂ ತೋರಿಸುತ್ತದೆ. ಆದ್ದರಿಂದ ಪರೀಕ್ಷೆಗೆ ಒಂದು ಕ್ರಮ ಬೇಕು. ಖರ್ಚಿಲ್ಲದ್ದು ಮೊದಲು, ಸ್ವಲ್ಪ ಖರ್ಚಿನದ್ದು ಆಮೇಲೆ, ಸ್ಪ್ಯಾನರ್ ಹಿಡಿಯುವುದು ಕಟ್ಟಕಡೆಗೆ.

ನಿಮ್ಮ ಕಾರಿನದ್ದು ಯಾವ ಜಾತಿಯ ಗೇರ್‌ಬಾಕ್ಸ್?

‘ಆಟೋಮ್ಯಾಟಿಕ್’ ಎಂಬುದು ಒಂದು ಯಂತ್ರದ ಹೆಸರಲ್ಲ. ಒಳಗಿನ ರಚನೆ ಪೂರ್ತಿ ಬೇರೆಯಾಗಿರುವ ನಾಲ್ಕು ಬಗೆಗಳನ್ನು ನಾವು ಒಂದೇ ಹೆಸರಿನಿಂದ ಕರೆಯುತ್ತೇವೆ. ಒಂದಕ್ಕೆ ಮಾಡುವ ಪರೀಕ್ಷೆ ಇನ್ನೊಂದಕ್ಕೆ ಮಾಡಿದರೆ ಚೆನ್ನಾಗಿದ್ದದ್ದೂ ಕೆಡಬಹುದು.

ಎಎಂಟಿ ಎಂದರೆ ಸಾಮಾನ್ಯ ಮ್ಯಾನ್ಯುವಲ್ ಗೇರ್‌ಬಾಕ್ಸೇ. ಕ್ಲಚ್ ತುಳಿಯುವ ಕಾಲಿನ ಮತ್ತು ಗೇರ್ ಬದಲಿಸುವ ಕೈಯ ಕೆಲಸವನ್ನು ಆಕ್ಚುವೇಟರ್ ಎಂಬ ಸಾಧನ ಮಾಡುತ್ತದೆ, ಅಷ್ಟೆ. ಮಾರುತಿಯವರು ಇದನ್ನು ಎಜಿಎಸ್ ಎನ್ನುತ್ತಾರೆ. ಗೇರ್ ಲಿವರಿನಲ್ಲಿ ‘ಪಿ’ (ಪಾರ್ಕಿಂಗ್) ಇಲ್ಲದೆ ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ (ಡ್ರೈವ್, ಮುಂದಕ್ಕೆ), ಎಂ (ಮ್ಯಾನ್ಯುವಲ್) ಮಾತ್ರ ಇದ್ದರೆ ಅದು ಹೆಚ್ಚಾಗಿ ಎಎಂಟಿ. ಎಣ್ಣೆಯ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಹಳೆಯ, ನಂಬಿಗಸ್ತ ಬಗೆ. ಬರಿದೇ ‘ಎಟಿ’ ಎಂದು ಬರೆದಿರುವುದು ಸಾಮಾನ್ಯವಾಗಿ ಇದೇ. ಇನ್ನೋವಾ ಕ್ರಿಸ್ಟಾದಲ್ಲಿರುವುದು ಇದು. ಈಚಿನ ಹೋಂಡಾ ಸಿಟಿ, ಅಮೇಜ್‌ಗಳಲ್ಲಿ ಇರುವುದು ಸಿವಿಟಿ, ಅಂದರೆ ಗೇರುಗಳ ಬದಲು ಪುಲ್ಲಿ ಮತ್ತು ಬೆಲ್ಟ್ ಇರುವ ಬಗೆ. ಡಿಸಿಟಿಯಲ್ಲಿ ಎರಡು ಕ್ಲಚ್. ಫೋಕ್ಸ್‌ವ್ಯಾಗನ್‌ನವರು ಡಿಎಸ್‌ಜಿ ಎಂದೂ ಟಾಟಾದವರು ಡಿಸಿಎ ಎಂದೂ ಕರೆಯುವುದು ಇದನ್ನೇ.

ಮಾಡೆಲಿನ ಹೆಸರು ಕೇಳಿ ಜಾತಿ ಹೇಳಲಾಗದು. ಬಲೆನೊದಲ್ಲಿ ಮೊದಲು ಸಿವಿಟಿ ಬರುತ್ತಿತ್ತು, 2022ರಿಂದ ಎಎಂಟಿ. 2020ರ ಕ್ರೆಟಾದಲ್ಲಂತೂ ಸಾದಾ ಪೆಟ್ರೋಲಿಗೆ ಸಿವಿಟಿ, ಡೀಸೆಲಿಗೆ ಟಾರ್ಕ್ ಕನ್ವರ್ಟರ್, ಟರ್ಬೊ ಪೆಟ್ರೋಲಿಗೆ ಡಿಸಿಟಿ, ಹೀಗೆ ಒಂದೇ ಕಾರಿನಲ್ಲಿ ಮೂರು ಬಗೆ. ಕಾರಿನ ಜೊತೆ ಬರುವ ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿ ಇರುತ್ತದೆ. ಸೆಕೆಂಡ್‌ಹ್ಯಾಂಡ್ ಕಾರಿನಲ್ಲಿ ಆ ಪುಸ್ತಕ ಕಳೆದುಹೋಗಿದ್ದರೆ ಕಂಪನಿಯ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ. ಮುಂದಿನ ಪ್ರತಿ ಹಂತಕ್ಕೂ ಅದು ಬೇಕು.

ಒಳಗೆ ನಡೆಯುವುದೇನು

ತೆಂಗಿನಕಾಯಿ ಒಡೆದ ಎರಡು ಗಡಿಗಳನ್ನು ಮುಖಕ್ಕೆ ಮುಖ ಹಿಡಿದು, ನಡುವೆ ಎಣ್ಣೆ ತುಂಬಿಸಿದ್ದೀರೆಂದು ಊಹಿಸಿ. ಒಂದು ಗಡಿಯನ್ನು ಜೋರಾಗಿ ತಿರುಗಿಸಿದರೆ ಎಣ್ಣೆ ಸುತ್ತಿ ಇನ್ನೊಂದನ್ನೂ ತಿರುಗಿಸುತ್ತದೆ. ಎರಡೂ ಎಲ್ಲಿಯೂ ಅಂಟಿಕೊಂಡಿಲ್ಲ, ಆದರೂ ಬಲ ದಾಟುತ್ತದೆ. ಟಾರ್ಕ್ ಕನ್ವರ್ಟರ್ ಎಂದರೆ ಇದು. ಇಂಜಿನ್ನಿನ ಕಡೆಯ ಗಡಿ ಇಂಪೆಲ್ಲರ್, ಗೇರ್‌ಬಾಕ್ಸಿನ ಕಡೆಯದ್ದು ಟರ್ಬೈನ್. ನಡುವೆ ಸ್ಟೇಟರ್ ಎಂಬ ಚಿಕ್ಕ ಚಕ್ರ ಮರಳುವ ಎಣ್ಣೆಯ ದಿಕ್ಕು ತಿದ್ದಿ, ಕಾರು ಹೊರಡುವಾಗ ಬಲ ಹೆಚ್ಚಿಸುತ್ತದೆ. ಬ್ರೇಕ್ ಹಿಡಿದು ‘ಡಿ’ಯಲ್ಲಿ ನಿಂತರೂ ಇಂಜಿನ್ ಆಫ್ ಆಗದಿರಲು ಕಾರಣ ಈ ಎಣ್ಣೆಯ ಜಾರಿಕೆ. ವೇಗ ಬಂದ ಮೇಲೆ ಜಾರಿಕೆಯಿಂದ ಪೆಟ್ರೋಲ್ ದಂಡವಾಗದಂತೆ ಲಾಕ್‌ಅಪ್ ಕ್ಲಚ್ ಎರಡು ಗಡಿಗಳನ್ನೂ ಒಂದಕ್ಕೊಂದು ಕಚ್ಚಿಸುತ್ತದೆ.

ಕನ್ವರ್ಟರಿನ ಹಿಂದೆ ಗ್ರಹಗಳಂತೆ ಸುತ್ತುವ ಗೇರುಗಳ ಗುಂಪುಗಳಿವೆ. ಯಾವುದನ್ನು ಹಿಡಿದು ನಿಲ್ಲಿಸುತ್ತೇವೆ, ಯಾವುದನ್ನು ಬಿಡುತ್ತೇವೆ ಎಂಬುದರ ಮೇಲೆ ಒಂದನೆಯ ಗೇರೋ ನಾಲ್ಕನೆಯದೋ ತೀರ್ಮಾನವಾಗುತ್ತದೆ. ಹಿಡಿಯುವ ಕೆಲಸ ಒಳಗಿನ ಕ್ಲಚ್ ಪ್ಲೇಟುಗಳದ್ದು. ಅವನ್ನು ಒತ್ತುವುದು ಆಯಿಲಿನ ಒತ್ತಡ. ಆ ಒತ್ತಡವನ್ನು ಯಾವ ಕಾಲುವೆಗೆ ಬಿಡಬೇಕೆಂದು ನೋಡಿಕೊಳ್ಳುವುದು ವಾಲ್ವ್ ಬಾಡಿ. ತೋಟದ ನೀರನ್ನು ಒಂದೊಂದೇ ಗೇಟ್‌ವಾಲ್ವ್ ತಿರುಗಿಸಿ ಬೇರೆ ಬೇರೆ ಸಾಲಿಗೆ ಬಿಡುವ ವ್ಯವಸ್ಥೆಯಂತೆಯೇ ಅದು; ಇಲ್ಲಿ ವಾಲ್ವ್ ತಿರುಗಿಸುವುದು ಸೊಲೆನಾಯ್ಡ್ ಎಂಬ ವಿದ್ಯುತ್ ತುಂಡುಗಳು, ಅವಕ್ಕೆ ಅಪ್ಪಣೆ ಕೊಡುವುದು ಟಿಸಿಎಂ ಎಂಬ ಕಂಪ್ಯೂಟರ್. ಪಂಪ್, ನೀರು, ಪೈಪ್, ಗೇಟ್‌ವಾಲ್ವ್, ಕೆಲಸದವನು, ಇವರಲ್ಲಿ ಯಾರು ತಪ್ಪಿದರೂ ಸಸಿಗೆ ನೀರಿಲ್ಲ. ಗೇರ್ ಬೀಳುತ್ತಿಲ್ಲ ಎಂದರೂ ಹಾಗೆಯೇ, ಐದು ಕಡೆ ಹುಡುಕಬೇಕು.

ಸಿವಿಟಿಯಲ್ಲಿ ಗೇರುಗಳ ಮೆಟ್ಟಿಲೇ ಇಲ್ಲ. ಅಗಲ ಕಿರಿದಾಗಬಲ್ಲ ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ. ಡಿಸಿಟಿಯದ್ದು ಎರಡು ಕಾವಲಿ ಇಟ್ಟು ದೋಸೆ ಎರೆಯುವ ಕ್ರಮ: ಒಂದರದ್ದು ಬಟ್ಟಲಿಗೆ ಬೀಳುವಾಗ ಇನ್ನೊಂದರಲ್ಲಿ ಹಿಟ್ಟು ಹೊಯ್ದಾಗಿರುತ್ತದೆ. ಒಂದು ಕ್ಲಚ್ 1, 3, 5ನೆಯ ಗೇರುಗಳಿಗೆ, ಮತ್ತೊಂದು 2, 4, 6ಕ್ಕೆ.

ವರ್ಕ್‌ಶಾಪಿಗೆ ಹೋಗುವ ಮೊದಲು ಬರೆದಿಡಿ

‘ಏನೋ ಸರಿ ಇಲ್ಲ’ ಎಂದರೆ ಮೆಕ್ಯಾನಿಕ್ ಊಹಿಸಬೇಕಾಗುತ್ತದೆ. ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗಲೋ, ಮಂಗಳೂರಿನವರೆಗೆ ಐವತ್ತು ಕಿಲೋಮೀಟರ್ ಓಡಿ ಬಿಸಿಯಾದ ಮೇಲೋ? ಎಷ್ಟು ವೇಗದಲ್ಲಿ, ಮೀಟರಿನಲ್ಲಿ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಎಷ್ಟು? ಏರಿನಲ್ಲೋ ಸಮತಟ್ಟಿನಲ್ಲೋ? ಮುಂದಕ್ಕೆ ಮಾತ್ರವೋ, ರಿವರ್ಸಿನಲ್ಲೂ ಇದೆಯೋ? ಯಾವುದಾದರೂ ದೀಪ ಹತ್ತಿತೇ? ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟರೆ ಹುಡುಕಾಟ ಅರ್ಧ ಮುಗಿದಂತೆ. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದಾಗ ಜಾರುತ್ತದೆ ಎಂದರೆ, ಬಿಸಿಗೆ ತೆಳುವಾದ ಆಯಿಲ್ ಸವೆದ ಸೀಲುಗಳಿಂದ ಸೋರಿ ಒತ್ತಡ ಬೀಳುತ್ತಿದೆ ಎಂಬ ಅನುಮಾನ ಬರುತ್ತದೆ. ತಣ್ಣಗಿದ್ದಾಗ ಮಾತ್ರ ತಡ ಮಾಡಿ ಆಮೇಲೆ ಸರಿಯಾದರೆ, ರಾತ್ರಿಯಿಡೀ ನಿಂತಾಗ ಕನ್ವರ್ಟರಿನ ಆಯಿಲ್ ಕೆಳಗಿಳಿದಿರಬಹುದು, ಗಟ್ಟಿಯಾದ ರಬ್ಬರ್ ಸೀಲುಗಳಿರಬಹುದು.

ಸಾಧ್ಯವಾದರೆ ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ಮೀಟರಿನ ವಿಡಿಯೋ ತೆಗೆಯಲಿ. ವರ್ಕ್‌ಶಾಪಿಗೆ ಹೋದಾಗ ತಂಟೆ ಅಡಗಿ ಕೂತರೂ ವಿಡಿಯೋ ಇರುತ್ತದೆ.

ಗೇರ್‌ಬಾಕ್ಸಿನದ್ದಲ್ಲದ ತಪ್ಪುಗಳು

ಮೊದಲು ಬ್ಯಾಟರಿ. ಟಿಸಿಎಂ, ಸೊಲೆನಾಯ್ಡ್, ಎಎಂಟಿಯ ಪಂಪ್ ಎಲ್ಲ ವಿದ್ಯುತ್ತಿನಿಂದ ನಡೆಯುವಂಥವು. ರಾತ್ರಿ ನಿಲ್ಲಿಸಿದ ಕಾರಿನಲ್ಲಿ ಬೆಳಿಗ್ಗೆ ಮಲ್ಟಿಮೀಟರ್ ಇಟ್ಟು ನೋಡಿ: 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2ಕ್ಕೆ ಇಳಿದಿದ್ದರೆ ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಬದಲಿಸುವ ಹೊತ್ತು ಬಂದಿದೆ. ಇಂಜಿನ್ ಓಡುವಾಗ ಸುಮಾರು 13.5ರಿಂದ 14.5 ಇರಬೇಕು (ಹೊಸ ಕೆಲವು ಕಾರುಗಳಲ್ಲಿ ಆಲ್ಟರ್ನೇಟರನ್ನು ಕಂಪ್ಯೂಟರ್ ಹಿಡಿತದಲ್ಲಿಡುವುದರಿಂದ ಇದು ಏರಿಳಿಯುತ್ತದೆ). ಟರ್ಮಿನಲ್ ಮತ್ತು ಅರ್ತ್ ವಯರಿನ ಬೋಲ್ಟ್ ಬಿಗಿಯಿದೆಯೇ, ಬಿಳಿ ಹುಡಿ ಕಟ್ಟಿದೆಯೇ ನೋಡಿ. ನೂರಿನ್ನೂರು ರೂಪಾಯಿಯಲ್ಲಿ ಮುಗಿಯುವ ಈ ಕೆಲಸ ಬಿಟ್ಟು ಗೇರ್‌ಬಾಕ್ಸಿಗೆ ಕೈಹಾಕುವುದು ಸರಿಯಲ್ಲ.

ಲಿವರ್ ‘ಪಿ’ಯಿಂದ ಕದಲುವುದೇ ಇಲ್ಲವೇ? ಬ್ರೇಕ್ ತುಳಿದು, ಹಿಂದಿನ ಬ್ರೇಕ್ ದೀಪ ಹತ್ತುತ್ತದೆಯೇ ಎಂದು ಯಾರಿಂದಲಾದರೂ ನೋಡಿಸಿ. ಬ್ರೇಕ್ ತುಳಿದ ಸಂದೇಶ ಬಾರದೆ ಲಿವರ್ ಬಿಡದಂತೆ ಬೀಗ ಇರುತ್ತದೆ. ಪೆಡಲಿನ ಮೇಲಿನ ಸ್ವಿಚ್ಚೋ ಫ್ಯೂಸೋ ಹೋದರೆ ಅದು ತೆರೆಯದು. ಹಲವು ಕಾರುಗಳಲ್ಲಿ ಲಿವರಿನ ಪಕ್ಕ ಚಿಕ್ಕ ಮುಚ್ಚಳದ ಕೆಳಗೆ ಬೀಗ ಬಿಡಿಸುವ ಗುಂಡಿ ಇದೆ. ವರ್ಕ್‌ಶಾಪಿಗೆ ಮುಟ್ಟಲು ಅಷ್ಟು ಸಾಕು.

ಗೇರ್ ಹಾಕಿದಾಗ ‘ಧಡ್’ ಎಂದು ಪೆಟ್ಟು ಬಂದರೆ ಇಂಜಿನ್ ಮೌಂಟ್, ಅಂದರೆ ಇಂಜಿನ್ ಕೂರಿಸಿದ ರಬ್ಬರ್ ದಿಂಬುಗಳು ಹರಿದಿವೆಯೇ ನೋಡಬೇಕು. ಬಾನೆಟ್ ತೆರೆದು, ಒಬ್ಬರು ಬದಿಯಲ್ಲಿ ನಿಂತು ನೋಡುತ್ತಿರುವಾಗ ಬ್ರೇಕ್ ಗಟ್ಟಿ ಹಿಡಿದು ಡಿ-ಎನ್-ಆರ್ ಬದಲಿಸಿ. ಇಂಜಿನ್ ಎದ್ದು ಕುಣಿದರೆ ಮೌಂಟ್ ಹೋಗಿದೆ. ಕಾರಿನ ಎದುರಿಗೆ ಯಾರೂ ನಿಲ್ಲಕೂಡದು. ಎಳೆಯುವಾಗಿನ ನಡುಕಕ್ಕೆ ಸ್ಪಾರ್ಕ್ ಪ್ಲಗ್ ಮತ್ತು ಇಗ್ನಿಷನ್ ಕಾಯಿಲ್‌ಗಳೂ ಕಾರಣವಾಗುತ್ತವೆ. ಇಂಜಿನ್ ದೀಪ ಮಿನುಗುತ್ತಿದ್ದರೆ ತಪ್ಪು ಹೆಚ್ಚಾಗಿ ಇಂಜಿನ್ನಿನದ್ದು.

ನಮ್ಮ ಮಳೆಗಾಲಕ್ಕೆ ಸೇರಿದ ಇನ್ನೊಂದು ಕಾರಣವಿದೆ. ಆಟಿಯ ಮಳೆಗೆ ಇಲಿಗಳು ಬೆಚ್ಚಗಿನ ಇಂಜಿನ್ ಕೋಣೆ ಸೇರುತ್ತವೆ, ವಯರು ಕಡಿಯುತ್ತವೆ. ಕುಂಬಳೆ, ಉಪ್ಪಳ, ಮಂಜೇಶ್ವರದಂಥ ಕಡಲ ಬದಿಯಲ್ಲಿ ಉಪ್ಪುಗಾಳಿ ಕನೆಕ್ಟರುಗಳ ಪಿನ್ನಿಗೆ ಹಸಿರು ಕಿಲುಬು ಹಿಡಿಸುತ್ತದೆ. ಗೇರ್‌ಬಾಕ್ಸಿಗೆ ಹೋಗುವ ಕನೆಕ್ಟರ್ ತೆಗೆದು, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಒಣಗಿಸಿ ಮತ್ತೆ ಸಿಕ್ಕಿಸಿದರೆ ಸರಿಯಾಗುವ ಕಾರುಗಳಿವೆ.

ಆಯಿಲ್ ನೋಡುವ ಕ್ರಮ

ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸಿನಲ್ಲಿ ಆಯಿಲ್ ಬರೇ ಜಾರಿಸುವ ಎಣ್ಣೆಯಲ್ಲ. ಬಲ ದಾಟಿಸುವುದು, ಕ್ಲಚ್ ಒತ್ತುವುದು, ತಣಿಸುವುದು ಎಲ್ಲ ಅದೇ. ಇದನ್ನು ಎಟಿಎಫ್ ಎನ್ನುತ್ತಾರೆ. ಬಣ್ಣ ಹೆಚ್ಚಾಗಿ ಕೆಂಪು.

ಡಿಪ್‌ಸ್ಟಿಕ್ ಇರುವ ಕಾರಾದರೆ ಹದಿನೈದಿಪ್ಪತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಗುಡ್ಡೆಯ ಮನೆಯ ಜಾಲು ಕಣ್ಣಿಗೆ ಸಮತಟ್ಟಾಗಿ ಕಂಡರೂ ಇಳಿಜಾರಿರಬಹುದು. ಪೆಟ್ರೋಲ್ ಬಂಕಿನ ನೆಲ ವಾಸಿ. ಬ್ರೇಕ್ ಹಿಡಿದು ಪ್ರತಿ ಗೇರಿಗೂ ಎರಡು ಮೂರು ಸೆಕೆಂಡ್ ಲಿವರ್ ತಂದು ‘ಪಿ’ಗೆ ಹಾಕಿ. ಹಲವು ಕಾರುಗಳಲ್ಲಿ ಇಂಜಿನ್ ಓಡುತ್ತಿರುವಾಗಲೇ ನೋಡಬೇಕು. ಹಳೆಯ ಹೋಂಡಾಗಳಂಥ ಕೆಲವದರಲ್ಲಿ ಆಫ್ ಮಾಡಿದ ಒಂದೆರಡು ನಿಮಿಷದೊಳಗೆ. ಕೈಪಿಡಿ ಹೇಳಿದ್ದೇ ಪ್ರಮಾಣ. ನೂಲು ಬಿಡದ ಬಟ್ಟೆಯಲ್ಲಿ ಕಡ್ಡಿ ಒರೆಸಿ, ಅದ್ದಿ, ‘ಹಾಟ್’ ಗುರುತಿನ ನಡುವೆ ಇದೆಯೇ ನೋಡಿ. ಹೊಸ ಕಾರುಗಳಲ್ಲಿ ಹೆಚ್ಚಿನವಕ್ಕೆ ಕಡ್ಡಿಯೇ ಇಲ್ಲ. ಅಲ್ಲಿ ಕಾರನ್ನು ಲಿಫ್ಟಿನಲ್ಲಿ ಸಮವಾಗಿ ಎತ್ತಿ, ಸ್ಕ್ಯಾನರಿನಲ್ಲಿ ಆಯಿಲಿನ ಉಷ್ಣತೆ ನೋಡುತ್ತ, ಕಂಪನಿ ಹೇಳಿದ ಡಿಗ್ರಿಗೆ ಬಂದಾಗ ಬದಿಯ ಪ್ಲಗ್ ತೆಗೆಯುತ್ತಾರೆ. ಆಯಿಲ್ ಸಣ್ಣ ನೂಲಿನಂತೆ ಬಂದು ತೊಟ್ಟಿಕ್ಕಿದರೆ ಮಟ್ಟ ಸರಿ. ಉಷ್ಣತೆ ನೋಡದೆ ಪ್ಲಗ್ ತೆಗೆದು ‘ಸರಿ ಇದೆ’ ಎಂದರೆ ಒಪ್ಪಬೇಡಿ; ಬಿಸಿಗೆ ಆಯಿಲ್ ಹಿಗ್ಗುತ್ತದೆ, ಲೆಕ್ಕ ತಪ್ಪುತ್ತದೆ.

ಮಟ್ಟ ಕಡಿಮೆಯಾದರೆ ಪಂಪ್ ಗಾಳಿ ನುಂಗುತ್ತದೆ. ಗುಂಯ್‌ಗುಡುವ ಸದ್ದು, ಗೇರ್ ಬೀಳಲು ತಡ, ತಿರುವಿನಲ್ಲೂ ಏರಿನಲ್ಲೂ ಜಾರುವಿಕೆ ಬರುತ್ತದೆ. ಹೆಚ್ಚಾದರೂ ತಿರುಗುವ ಗೇರುಗಳು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತವೆ, ಲಕ್ಷಣ ಹೆಚ್ಚುಕಡಿಮೆ ಅದೇ. ಆಯಿಲ್ ತಾನಾಗಿ ಉರಿದು ಖಾಲಿಯಾಗುವುದಿಲ್ಲ. ಕಡಿಮೆ ಇದೆ ಎಂದರೆ ಸೋರುತ್ತಿದೆ ಎಂದರ್ಥ: ಆಕ್ಸಲ್ ಸೀಲ್, ಪ್ಯಾನ್ (ಅಡಿಯ ಆಯಿಲ್ ತಟ್ಟೆ) ಗ್ಯಾಸ್ಕೆಟ್, ಕೂಲರ್ ಪೈಪ್ ನೋಡಬೇಕು.

ಇನ್ನು ಬಣ್ಣ. ಬಿಳಿ ಕಾಗದಕ್ಕೆ ಎರಡು ಹನಿ ಬಿಡಿ. ಕೆಂಪಾಗಿ ತಿಳಿಯಾಗಿದ್ದರೆ ಒಳ್ಳೆಯದು. ಕಂದು ಬಣ್ಣವಾಗಿ ವಾಸನೆ ಇಲ್ಲದಿದ್ದರೆ ಬರೇ ಹಳತಾಗಿದೆ. ಕಪ್ಪಾಗಿ ಸುಟ್ಟ ವಾಸನೆ ಇದ್ದರೆ ಕ್ಲಚ್ ಪ್ಲೇಟುಗಳು ಉರಿದಿವೆ. ರೋಸ್ ಮಿಲ್ಕಿನಂತೆ ಗುಲಾಬಿ ನೊರೆಯಾದರೆ ನೀರು ಅಥವಾ ಕೂಲಂಟ್ ಸೇರಿದೆ. ರೇಡಿಯೇಟರಿನೊಳಗೇ ಆಯಿಲ್ ಕೂಲರ್ ಇರುವ ಕಾರುಗಳಲ್ಲಿ ನಡುವಿನ ಗೋಡೆ ತೂತಾದರೆ ಹೀಗಾಗುತ್ತದೆ. ಈ ಬಣ್ಣ ಕಂಡ ಮೇಲೆ ಒಂದು ಕಿಲೋಮೀಟರೂ ಓಡಿಸಬಾರದು, ಏಕೆಂದರೆ ಕ್ಲಚ್ ಪ್ಲೇಟಿನ ಕಾಗದದಂಥ ಪದರವನ್ನೂ ಅದನ್ನು ಹಿಡಿದ ಅಂಟನ್ನೂ ನೀರು ಬಿಡಿಸುತ್ತದೆ. ಪ್ಯಾನಿನ ಅಯಸ್ಕಾಂತದಲ್ಲಿ ಬೂದು ಬಣ್ಣದ ನುಣ್ಣನೆಯ ಕೆಸರು ಇರುವುದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರುಗಳು ಸಿಕ್ಕಿದರೆ ಮಾತ್ರ ಒಳಗಿನ ಗೇರೋ ಬೇರಿಂಗೋ ಮುರಿದಿದೆ. ಆಗ ಬಿಚ್ಚದೆ ದಾರಿಯಿಲ್ಲ.

‘ಲೈಫ್‌ಟೈಮ್ ಆಯಿಲ್, ಬದಲಿಸುವುದೇ ಬೇಡ’ ಎಂಬ ಮಾತಿಗೆ ಪೂರ್ತಿ ನಂಬಿಕೆ ಇಡಬೇಡಿ. ಹಲವು ಕಂಪನಿಗಳ ಕಾರಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಕಂಪನಿಯೇ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರ್ ಒಳಗೆ ಆಯಿಲ್ ಬದಲಿಸಲು ಹೇಳುತ್ತದೆ. ಪ್ಲಗ್ ತೆಗೆದು ಇಳಿಸಿದಾಗ ಹಳೆಯದು ಪೂರ್ತಿ ಹೋಗುವುದಿಲ್ಲ. ಕನ್ವರ್ಟರಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯುವುದುಂಟು. ಎಷ್ಟು ಲೀಟರ್ ಇಳಿಯಿತೆಂದು ಅಳೆದು ಅಷ್ಟೇ ಹಾಕುವುದು ಕ್ರಮ. ಡಬ್ಬಿಯ ಮೇಲಿನ ಗುರುತು ಕೈಪಿಡಿಯ ಗುರುತಿಗೆ ಅಕ್ಷರಶಃ ಹೊಂದಬೇಕು. ಸಿವಿಟಿಗೆ ಸಾಮಾನ್ಯ ಎಟಿಎಫ್ ಹಾಕಿದರೆ ಬೆಲ್ಟ್ ಜಾರಿ ಪುಲ್ಲಿ ಹಾಳಾಗುತ್ತದೆ. ಎಎಂಟಿಗೆ ಬೇಕಾದ್ದು ಮ್ಯಾನ್ಯುವಲ್ ಗೇರ್ ಆಯಿಲ್. ಹೈಡ್ರಾಲಿಕ್ ಆಕ್ಚುವೇಟರ್ ಇದ್ದರೆ ಅದರ ಪುಟ್ಟ ಡಬ್ಬಿಯ ಆಯಿಲ್ ಬೇರೆ.

ಕೋಡ್ ಓದುವುದು

ಸ್ಟೇರಿಂಗಿನ ಕೆಳಗೆ ಹದಿನಾರು ಪಿನ್ನಿನ ಒಂದು ಸಾಕೆಟ್ ಇದೆ, ಹೆಸರು ಒಬಿಡಿ. ಸ್ಕ್ಯಾನರ್ ಸಿಕ್ಕಿಸಿದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ತಪ್ಪಿನ ಕೋಡುಗಳು ಕಾಣುತ್ತವೆ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ತುಂಡುಗಳು ಹೆಚ್ಚಾಗಿ ಇಂಜಿನ್ ಕೋಡುಗಳನ್ನಷ್ಟೇ ಓದುತ್ತವೆ. ಗೇರ್‌ಬಾಕ್ಸಿನ ಕಂಪ್ಯೂಟರಿನೊಳಗೆ ಹೋಗಬಲ್ಲ ಸ್ಕ್ಯಾನರ್ ಬೇಕು.

ಪಿ0700 ಎಂಬುದು ಕಾಯಿಲೆಯ ಹೆಸರಲ್ಲ. ‘ಟಿಸಿಎಂನಲ್ಲಿ ಏನೋ ಇದೆ, ಅಲ್ಲಿ ಹೋಗಿ ನೋಡಿ’ ಎಂಬ ಸೂಚನೆ ಮಾತ್ರ. ಪಿ0705 ಲಿವರ್ ಯಾವ ಜಾಗದಲ್ಲಿದೆ ಎಂದು ತಿಳಿಸುವ ಸ್ವಿಚ್ಚಿನದ್ದು. ಪಿ0715 ಮತ್ತು ಪಿ0720 ಒಳಬರುವ ಮತ್ತು ಹೊರಹೋಗುವ ಶಾಫ್ಟಿನ ವೇಗ ಅಳೆಯುವ ಸೆನ್ಸರುಗಳದ್ದು. ಇವು ಕೆಟ್ಟರೆ ಗೇರ್ ಯಾವಾಗ ಬದಲಿಸಬೇಕೆಂದೇ ತಿಳಿಯದೆ ಪೆಟ್ಟು ಬೀಳುತ್ತದೆ. ಕೆಲವು ಕಾರುಗಳಲ್ಲಿ ಹೊರಗಿನಿಂದಲೇ ಬದಲಿಸಬಹುದು. ಪಿ0730 ಎಂದರೆ ಹೇಳಿದ ಗೇರಿಗೂ ಅಳೆದ ವೇಗಕ್ಕೂ ಹೊಂದುತ್ತಿಲ್ಲ, ಅಂದರೆ ಎಲ್ಲೋ ಜಾರುತ್ತಿದೆ. ಪಿ0741 ಲಾಕ್‌ಅಪ್ ಕ್ಲಚ್ಚಿನದ್ದು. ಪಿ0750ರಿಂದ ಮುಂದಿನವು ಶಿಫ್ಟ್ ಸೊಲೆನಾಯ್ಡ್‌ಗಳದ್ದು. ಪಿ0218 ಆಯಿಲ್ ಅತಿಯಾಗಿ ಬಿಸಿಯಾದುದನ್ನು ಹೇಳುತ್ತದೆ. ಪಿ0562 ಕಂಡರೆ ಮತ್ತೆ ಬ್ಯಾಟರಿಯ ಕಡೆಗೇ ಹೋಗಿ.

ಇಲ್ಲಿ ಬಹಳ ಸಲ ಆಗುವ ತಪ್ಪು, ಕೋಡನ್ನು ಬಿಡಿಭಾಗದ ಬಿಲ್ ಎಂದು ಓದುವುದು. ಸೊಲೆನಾಯ್ಡಿನ ಕೋಡ್ ಬಂದರೆ ಸೊಲೆನಾಯ್ಡ್, ಅದರ ವಯರ್, ಕನೆಕ್ಟರ್, ಟಿಸಿಎಂ ಈ ನಾಲ್ಕರಲ್ಲಿ ಒಂದು ತಪ್ಪಿದೆ ಎಂದಷ್ಟೇ ಅರ್ಥ. ಮಲ್ಟಿಮೀಟರಿನಲ್ಲಿ ಸೊಲೆನಾಯ್ಡಿನ ಓಮ್ ಅಳೆದು ಸರ್ವಿಸ್ ಪುಸ್ತಕದ ಅಂಕಿಗೆ ಹೋಲಿಸಿದ ಮೇಲೆಯೇ ಹೊಸತು ತರಿಸಬೇಕು. ಕೋಡುಗಳ ಫೋಟೋ ತೆಗೆಯುವ ಮೊದಲು ಅಳಿಸಲು ಬಿಡಬೇಡಿ. ಬ್ಯಾಟರಿಯ ವಯರ್ ತೆಗೆದರೂ ಕೆಲವು ಕಾರುಗಳಲ್ಲಿ ಅವು ಅಳಿದುಹೋಗುತ್ತವೆ.

ಏನು ಮಾಡಿದರೂ ಕಾರು ಒಂದೇ ಗೇರಿನಲ್ಲಿ, ಹೆಚ್ಚಾಗಿ ಮೂರನೆಯದರಲ್ಲಿ ಎಳೆಯುತ್ತಿದ್ದರೆ ಅದು ‘ಲಿಂಪ್ ಮೋಡ್’. ತಪ್ಪು ಕಂಡ ಕಂಪ್ಯೂಟರ್ ಗೇರ್‌ಬಾಕ್ಸ್ ಉಳಿಸಲು ಮಾಡಿಕೊಂಡ ಏರ್ಪಾಡು. ನಿಧಾನವಾಗಿ ಹತ್ತಿರದ ವರ್ಕ್‌ಶಾಪಿಗೆ ಹೋಗಬಹುದು. ಸಂಪಾಜೆ ಘಾಟಿ ಹತ್ತಲು ಹೊರಡಬಾರದು.

ಓಡಿಸಿ ನೋಡುವುದು

ಈ ಭಾಗ ಟಾರ್ಕ್ ಕನ್ವರ್ಟರಿಗೆ. ಇಂಜಿನ್ ಬಿಸಿಯಾಗಿ, ಬ್ರೇಕ್ ಗಟ್ಟಿ ಹಿಡಿದು ‘ಎನ್’ನಿಂದ ‘ಡಿ’ಗೆ ಹಾಕಿ, ಕಾರು ಎಳೆದ ಅನುಭವ ಬರಲು ಎಷ್ಟು ಸೆಕೆಂಡ್ ಎಂದು ಮೊಬೈಲಿನ ಸ್ಟಾಪ್‌ವಾಚಿನಲ್ಲಿ ನೋಡಿ. ಒಂದು ನಿಮಿಷ ಬಿಟ್ಟು ಮತ್ತೆ, ಹೀಗೆ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಟೊಯೊಟಾದವರ ಅಳತೆಯಲ್ಲಿ ‘ಡಿ’ಗೆ 1.2 ಸೆಕೆಂಡಿಗಿಂತ, ‘ಆರ್’ಗೆ 1.5 ಸೆಕೆಂಡಿಗಿಂತ ಕಡಿಮೆ ಇರಬೇಕು. ಎರಡೂ ತಡವಾದರೆ ಒಟ್ಟು ಒತ್ತಡವೇ ಕಡಿಮೆ: ಆಯಿಲ್, ಫಿಲ್ಟರ್ ಅಥವಾ ಪಂಪ್. ಒಂದು ಮಾತ್ರ ತಡವಾದರೆ ಆ ದಿಕ್ಕಿನ ಕ್ಲಚ್ ಅಥವಾ ಅದರ ಸೀಲ್. ಒಂದು ಪೈಸೆ ಖರ್ಚಿಲ್ಲದೆ ಇಷ್ಟೊಂದು ಹೇಳುವ ಪರೀಕ್ಷೆ ಬೇರೊಂದಿಲ್ಲ.

ಆಮೇಲೆ ರಸ್ತೆಗೆ. ಗೇರ್ ಬದಲಾಗುವ ಕ್ಷಣ ಆರ್‌ಪಿಎಂ ಮುಳ್ಳು ಇಳಿಯುವ ಬದಲು ಮೇಲಕ್ಕೆ ಹಾರಿ ಆಮೇಲೆ ಇಳಿದರೆ ಆ ಗೇರಿನ ಕ್ಲಚ್ ಕಚ್ಚಲು ತಡ ಮಾಡುತ್ತಿದೆ. ಯಾವ ಗೇರಿನಿಂದ ಯಾವುದಕ್ಕೆ ಎಂದು ಬರೆದುಕೊಳ್ಳಿ. 50ರಿಂದ 80ರ ಆಸುಪಾಸಿನಲ್ಲಿ, ಸಾಲು ಹಂಪ್ ಮೇಲೆ ಹೋದಂತೆ ನಡುಕ ಬಂದರೆ ಅದು ಲಾಕ್‌ಅಪ್ ಕ್ಲಚ್ಚಿನದ್ದೋ ಇಂಜಿನ್ ಮಿಸ್ಸಿಂಗೋ ಎಂಬ ಗೊಂದಲ ಸಹಜ. ಹಿಂದೆ ವಾಹನವಿಲ್ಲದ ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ಹಾಗೆಯೇ ಹಿಡಿದು, ಬ್ರೇಕ್ ಪೆಡಲನ್ನು ದೀಪ ಹತ್ತುವಷ್ಟು ಮಾತ್ರ ಸೋಕಿಸಿ. ಬ್ರೇಕ್ ಸಂದೇಶ ಬಂದೊಡನೆ ಲಾಕ್‌ಅಪ್ ಬಿಡುತ್ತದೆ, ಆರ್‌ಪಿಎಂ ತುಸು ಏರುತ್ತದೆ. ನಡುಕ ತಕ್ಷಣ ನಿಂತರೆ ತಪ್ಪು ಲಾಕ್‌ಅಪ್ಪಿನದ್ದು. ಸರಿಯಾದ ಹೊಸ ಆಯಿಲ್ ಹಾಕಿದರೇ ಹಲವು ಸಲ ಹೋಗುತ್ತದೆ. ನಡುಕ ಮುಂದುವರಿದರೆ ಪ್ಲಗ್, ಕಾಯಿಲ್ ನೋಡಿಸಿ. ತಲಪಾಡಿಯಿಂದ ಕಾಲಿಕಡವಿನವರೆಗಿನ ಹೆದ್ದಾರಿಯಲ್ಲಿ ಈ ಪ್ರಯೋಗ ಬೇಡ. ಹಿಂದಿನಿಂದ ಬರುವವರ ವೇಗ ಹೆಚ್ಚು.

ಬ್ರೇಕ್ ಹಿಡಿದು ಪೂರ್ತಿ ಆಕ್ಸಿಲರೇಟರ್ ಕೊಡುವ ‘ಸ್ಟಾಲ್ ಟೆಸ್ಟ್’ ಎಂಬುದೂ ಇದೆ. ಆರ್‌ಪಿಎಂ ಪುಸ್ತಕದ ಅಂಕಿಗಿಂತ ಮೇಲೆ ಹೋದರೆ ಒಳಗಿನ ಕ್ಲಚ್ ಜಾರುತ್ತಿದೆ. ತುಂಬಾ ಕೆಳಗಿದ್ದರೆ ಇಂಜಿನ್ ಬಲಹೀನ, ಇಲ್ಲವೇ ಸ್ಟೇಟರ್ ಕೆಟ್ಟಿದೆ. ಐದು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಆಯಿಲ್ ಉರಿಯುತ್ತದೆ. ಇದನ್ನು ವರ್ಕ್‌ಶಾಪಿಗೇ ಬಿಡಿ. ಎಎಂಟಿ, ಡಿಸಿಟಿಗಳಲ್ಲಿ ಮಾಡಲೇಬಾರದು.

ಎಎಂಟಿಯ ಕಷ್ಟಗಳೇ ಬೇರೆ

ನಮ್ಮ ಊರಿನ ಏರುಗಳು ಎಎಂಟಿಯ ಕ್ಲಚ್ಚಿಗೆ ನಿಜವಾದ ಶತ್ರು. ಏರಿನಲ್ಲಿ ಎದುರಿನ ಬಸ್ಸಿಗೆ ದಾರಿ ಬಿಡಲು ನಿಂತು, ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನಲ್ಲೇ ಕಾರನ್ನು ತಡೆದು ನಿಲ್ಲಿಸುವವರಿದ್ದಾರೆ. ಟಾರ್ಕ್ ಕನ್ವರ್ಟರಿನಲ್ಲಿ ಅಲ್ಲಿ ಜಾರುವುದು ಎಣ್ಣೆ. ಎಎಂಟಿಯಲ್ಲಿ ಉಜ್ಜಿ ಸವೆಯುವುದು ಕ್ಲಚ್ ಪ್ಲೇಟು. ಹ್ಯಾಂಡ್‌ಬ್ರೇಕ್ ಎಳೆದು ನಿಂತು, ಹೊರಡುವಾಗ ಆಕ್ಸಿಲರೇಟರ್ ಕೊಟ್ಟು ಎಳೆತ ಸಿಕ್ಕಿದ ಮೇಲೆ ಹ್ಯಾಂಡ್‌ಬ್ರೇಕ್ ಬಿಡುವುದೇ ಸರಿಯಾದ ರೀತಿ. ಕಡಿದಾದ ಏರಿಗೆ ‘ಎಂ’ಗೆ ಹಾಕಿ ಒಂದನೆಯ ಗೇರಿನಲ್ಲೇ ಹತ್ತಿಸಿ.

ಮೀಟರಿನಲ್ಲಿ ‘ಎನ್’ ಮಿನುಗುತ್ತ ಗೇರ್ ಬೀಳದಿದ್ದರೆ ಮೊದಲು ಬ್ಯಾಟರಿ, ಆಮೇಲೆ ಆಕ್ಚುವೇಟರ್ ಆಯಿಲಿನ ಮಟ್ಟ. ಮಾರುತಿಯ ಎಜಿಎಸ್ ಕಾರುಗಳಲ್ಲಿ ಚಾಲಕನ ಬಾಗಿಲು ತೆರೆದಾಗ ಒಂದೆರಡು ಸೆಕೆಂಡ್ ‘ಝುಂಯ್’ ಎಂಬ ಸದ್ದು ಕೇಳುತ್ತದೆ, ಅದು ಒತ್ತಡ ತುಂಬುವ ಪಂಪ್. ಸದ್ದೇ ಬಾರದಿದ್ದರೆ ಫ್ಯೂಸ್, ರಿಲೇ ಅಥವಾ ಪಂಪ್ ಮೋಟಾರ್ ನೋಡಿ. ಸದ್ದು ನಿಲ್ಲದೆ ಮತ್ತೆ ಮತ್ತೆ ಬಂದರೆ ಒತ್ತಡ ಎಲ್ಲೋ ಸೋರುತ್ತಿದೆ. ಹೊಸ ಕ್ಲಚ್ ಹಾಕಿದ ಮೇಲೆ ಅದು ಎಲ್ಲಿ ಕಚ್ಚುತ್ತದೆಂಬುದನ್ನು ಸ್ಕ್ಯಾನರಿನಿಂದ ಕಂಪ್ಯೂಟರಿಗೆ ಕಲಿಸಬೇಕು. ಈ ‘ಲರ್ನಿಂಗ್’ ಬಿಟ್ಟುಹೋದರೆ ಹೊಸ ಕ್ಲಚ್ಚೂ ಹಳೆಯದರಂತೆ ಎಗರುತ್ತದೆ, ತಪ್ಪು ಆಕ್ಚುವೇಟರಿನ ತಲೆಗೆ ಬರುತ್ತದೆ.

ಸಿವಿಟಿಯಲ್ಲಿ ಜೋರಾಗಿ ತುಳಿದಾಗ ಆರ್‌ಪಿಎಂ ಮೇಲೇರಿ ಅಲ್ಲೇ ನಿಂತು ವೇಗ ನಿಧಾನ ಬರುವುದು ಅದರ ಗುಣ, ರೋಗವಲ್ಲ. ಕಾಲು ಕದಲಿಸದೆಯೂ ಆರ್‌ಪಿಎಂ ತಾನಾಗಿ ಜಿಗಿದರೆ ಮಾತ್ರ ಬೆಲ್ಟ್ ಜಾರುವ ಅನುಮಾನ. ಒಣ ಕ್ಲಚ್ಚಿನ ಡಿಸಿಟಿ ಹೆದ್ದಾರಿ ಬದಿಯ ಸರ್ವಿಸ್ ರಸ್ತೆಯಲ್ಲಿ ತೆವಳುವ ಸಾಲಿನಲ್ಲಿ ಬೇಗ ಬಿಸಿಯಾಗುತ್ತದೆ. ಬಿಸಿಯ ಎಚ್ಚರಿಕೆ ಬಂದರೆ ಬದಿಗೆ ನಿಲ್ಲಿಸಿ, ‘ಪಿ’ಗೆ ಹಾಕಿ ತಣಿಯಲು ಬಿಡಿ. ಇಂಚಿಂಚು ಮುಂದೆ ಹೋಗುವ ಬದಲು ಎದುರಿಗೆ ಒಂದು ಕಾರಿನಷ್ಟು ಜಾಗವಾದ ಮೇಲೆ ಹೊರಟರೆ ಕ್ಲಚ್ ಉಳಿಯುತ್ತದೆ.

ನೀರಿಗಿಳಿದ ಕಾರು, ಎಳೆದೊಯ್ಯುವ ಕಾರು

ಚಂದ್ರಗಿರಿಯೋ ಶಿರಿಯಾ ಹೊಳೆಯೋ ತುಂಬಿ ನೀರು ಮನೆಯಂಗಳಕ್ಕೆ ಬಂದು ಕಾರು ಚಕ್ರದ ನಡುವಿನವರೆಗೆ ಮುಳುಗಿದ್ದರೆ ಸ್ಟಾರ್ಟ್ ಮಾಡಬೇಡಿ. ಗೇರ್‌ಬಾಕ್ಸಿಗೆ ಉಸಿರಾಡಲು ಬ್ರೀದರ್ ಎಂಬ ಸಣ್ಣ ರಂಧ್ರವಿದೆ. ಬಿಸಿಯಾದ ಪೆಟ್ಟಿಗೆ ನೀರಿನಲ್ಲಿ ಒಮ್ಮೆಲೇ ತಣಿದಾಗ ಒಳಗಿನ ಗಾಳಿ ಕುಗ್ಗಿ, ಅದರ ಮೂಲಕ ನೀರು ಎಳೆದುಕೊಳ್ಳುತ್ತದೆ. ಆಯಿಲ್ ಇಳಿಸಿ ಬಣ್ಣ ನೋಡಿದ ಮೇಲೆಯೇ ಮುಂದಿನದ್ದು.

ಕೆಟ್ಟ ಕಾರನ್ನು ಹಗ್ಗ ಕಟ್ಟಿ ಎಳೆಯುವ ಅಭ್ಯಾಸ ಆಟೋಮ್ಯಾಟಿಕ್‌ಗೆ ಹೊಂದುವುದಿಲ್ಲ. ಟಾರ್ಕ್ ಕನ್ವರ್ಟರ್, ಸಿವಿಟಿಗಳ ಒಳಗಿನ ಪಂಪ್ ತಿರುಗುವುದು ಇಂಜಿನ್ನಿನಿಂದ. ಇಂಜಿನ್ ನಿಂತು ಚಕ್ರ ಮಾತ್ರ ಉರುಳಿದರೆ ಗೇರುಗಳು ಆಯಿಲ್ ಇಲ್ಲದೆ ಉಜ್ಜುತ್ತವೆ. ಲಾರಿಯ ಮೇಲೆ ಹೇರಿ ಒಯ್ಯುವುದು, ಇಲ್ಲದಿದ್ದರೆ ಎಳೆಯುವ ಚಕ್ರಗಳನ್ನು ನೆಲದಿಂದ ಎತ್ತಿ ಒಯ್ಯುವುದು ಕ್ರಮ. ನಾಲ್ಕೂ ಚಕ್ರಕ್ಕೆ ಎಳೆತವಿದ್ದರೆ ಲಾರಿಯೇ ಆಗಬೇಕು. ವಿಮೆಯ ರೋಡ್‌ಸೈಡ್ ಸಹಾಯಕ್ಕೆ ಫೋನ್ ಮಾಡುವಾಗ ‘ಆಟೋಮ್ಯಾಟಿಕ್, ಫ್ಲ್ಯಾಟ್‌ಬೆಡ್ ಕಳಿಸಿ’ ಎಂದು ಮೊದಲೇ ಹೇಳಿ.

ವರ್ಕ್‌ಶಾಪಿನಲ್ಲಿ ಕೇಳಬೇಕಾದ್ದು

‘ಇಳಿಸಬೇಕು’ ಎಂದಾಗ ನಾಲ್ಕು ಸಂಗತಿ ಕೇಳಿ: ಯಾವ ಕೋಡುಗಳು ಬಂದವು, ಆಯಿಲಿನ ಮಟ್ಟ ಮತ್ತು ಬಣ್ಣ ಹೇಗಿತ್ತು, ಬ್ಯಾಟರಿ ವೋಲ್ಟ್ ಎಷ್ಟು, ಟಾರ್ಕ್ ಕನ್ವರ್ಟರ್ ಆದರೆ ಗೇಜ್ ಹಾಕಿ ಆಯಿಲ್ ಒತ್ತಡ ಅಳೆದರೋ ಇಲ್ಲವೋ. ಒತ್ತಡ ಪುಸ್ತಕದ ಅಂಕಿಯಷ್ಟೇ ಇದ್ದೂ ಒಂದೇ ಗೇರ್ ಜಾರುತ್ತಿದ್ದರೆ ಆ ಗೇರಿನ ಕ್ಲಚ್ ಅಥವಾ ಸೊಲೆನಾಯ್ಡ್; ಎಲ್ಲ ಗೇರಿನಲ್ಲೂ ಒತ್ತಡ ಕಡಿಮೆ ಇದ್ದರೆ ಪಂಪ್ ಅಥವಾ ಫಿಲ್ಟರ್. ಹಲವು ಕಾರುಗಳಲ್ಲಿ ವಾಲ್ವ್ ಬಾಡಿಯನ್ನು ಗೇರ್‌ಬಾಕ್ಸ್ ಇಳಿಸದೆ, ಪ್ಯಾನ್ ತೆಗೆದೇ ಬದಲಿಸಬಹುದು. ನಿಮ್ಮ ಕಾರಿನಲ್ಲಿ ಹಾಗೆ ಸಾಧ್ಯವೇ ಎಂದು ವಿಚಾರಿಸಿ. ಉತ್ತರಗಳನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಂಡರೆ ಅದೇ ಕಾಗದ ಹಿಡಿದು ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ಎರಡನೆಯ ಅಭಿಪ್ರಾಯ ಪಡೆಯಬಹುದು. ಬಿಚ್ಚುವುದಾದರೆ, ತೆಗೆದ ಹಳೆಯ ಪ್ಲೇಟು, ಸೀಲು, ಸೊಲೆನಾಯ್ಡುಗಳನ್ನು ಎಸೆಯದೆ ಇಟ್ಟಿರಲು ಕೆಲಸ ಶುರುವಾಗುವ ಮೊದಲೇ ಹೇಳಿ.